ಜೆರ್ಸಿ ಬಾಡಿಗೆಗೆ: ಕ್ರೀಡಾಭಿಮಾನಿಗಳ ಉಡುಪಿನ ತಿಂಗಳ ಚಂದಾ ವ್ಯವಹಾರ ಶುರು ಮಾಡುವುದು ಹೇಗೆ

2022ರ ಡಿಸೆಂಬರ್ 18ರಂದು ಅರ್ಜೆಂಟೀನಾ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ಅಲ್ಲಿಯವರೆಗೆ ಆ ತಂಡದ ಜೆರ್ಸಿಯಲ್ಲಿ ಲಾಂಛನದ ಮೇಲೆ ಎರಡು ನಕ್ಷತ್ರಗಳಿದ್ದವು. 1978ರ ಕಪ್‌ಗೆ ಒಂದು, 1986ರ ಕಪ್‌ಗೆ ಇನ್ನೊಂದು. ಪಂದ್ಯ ಮುಗಿಯುತ್ತಿದ್ದಂತೆ ಎಲ್ಲರ ಕಣ್ಣು ಮೂರು ನಕ್ಷತ್ರದ ಜೆರ್ಸಿಯ ಮೇಲೆ ಬಿತ್ತು. ತಿಂಗಳ ಹಿಂದಷ್ಟೇ ದುಡ್ಡು ಕೊಟ್ಟು ಕೊಂಡಿದ್ದ ಬಟ್ಟೆ ಒಂದೇ ದಿನದಲ್ಲಿ ಹಳೆಯದಾಯಿತು.

ಅಭಿಮಾನಿಗಳ ಉಡುಪಿನ ಕಥೆಯೇ ಹೀಗೆ. ಅದು ಹರಿದು ಹಳತಾಗುವುದಕ್ಕಿಂತ ಮೊದಲೇ ಸುದ್ದಿಯಿಂದ ಹಳತಾಗುತ್ತದೆ. 2025ರ ಫೆಬ್ರವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಲೂಕಾ ಡಾನ್ಚಿಚ್ ಡಲ್ಲಾಸ್ ತಂಡ ಬಿಟ್ಟು ಲಾಸ್ ಏಂಜಲಿಸ್ ಲೇಕರ್ಸ್‌ಗೆ ಹೋದರು. 2024ರ ನವೆಂಬರ್‌ನ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ದೆಹಲಿಯಿಂದ ಲಖನೌ ತಂಡಕ್ಕೆ ಬಂದರು. ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳಂತೂ ಪ್ರತಿ ಸೀಸನ್‌ಗೂ ತವರಿಗೊಂದು, ಹೊರಗಿನ ಪಂದ್ಯಕ್ಕೊಂದು, ಮೂರನೆಯದೊಂದು ಎಂದು ಹೊಸ ಜೆರ್ಸಿ ತರುತ್ತವೆ. ಎಲ್ಲವನ್ನೂ ಕೊಳ್ಳುತ್ತಾ ಕೂತರೆ ಅಭಿಮಾನಿಯ ಬೀರು ತುಂಬುತ್ತದೆ, ಜೇಬು ಖಾಲಿಯಾಗುತ್ತದೆ.

ತಿಂಗಳಿಗೆ ಇಷ್ಟು ಅಂತ ಚಂದಾ ಕಟ್ಟಿ ಬೇಕಾದ ಜೆರ್ಸಿ ತರಿಸಿಕೊಂಡು, ಹಾಕಿಕೊಂಡು, ವಾಪಸ್ ಕೊಟ್ಟು ಇನ್ನೊಂದು ಪಡೆಯುವ ಯೋಚನೆ ಹುಟ್ಟುವುದು ಇಲ್ಲಿಯೇ. ಇದೇನೂ ತೀರಾ ಹೊಸದಲ್ಲ. ಅಮೆರಿಕದ ರೆಂಟ್ ದ ರನ್‌ವೇ ಕಂಪನಿ 2009ರಲ್ಲಿ ಸಮಾರಂಭದ ಉಡುಪುಗಳನ್ನು ಬಾಡಿಗೆಗೆ ಕೊಡಲು ಶುರು ಮಾಡಿ 2016ರಲ್ಲಿ ತಿಂಗಳ ಚಂದಾಕ್ಕೆ ಬಂತು. 2017ರಲ್ಲಿ ಅಮೆರಿಕದ ಸಿಯಾಟಲ್‌ನ ರೆಪ್ ದ ಸ್ಕ್ವಾಡ್ ಎಂಬ ಕಂಪನಿ ಆಟಗಾರರ ಜೆರ್ಸಿಗಳನ್ನೇ ಇದೇ ರೀತಿಯಲ್ಲಿ ಕೊಡಲು ಹೊರಟಿತ್ತು.

ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಜೆರ್ಸಿ ಹಳತಾಗುವ ಭಯ ಇಲ್ಲಿ ಮಾಯವಾಗುವುದಿಲ್ಲ. ಗಿರಾಕಿಯ ಬೀರುವಿನಿಂದ ನಿಮ್ಮ ಗೋದಾಮಿಗೆ ಬರುತ್ತದೆ, ಅಷ್ಟೇ. ಹಾಗಾಗಿ ಈ ವ್ಯವಹಾರದಲ್ಲಿ ದಿನಾ ನೋಡಬೇಕಾದ ಅಂಕಿ ಸದಸ್ಯರ ಸಂಖ್ಯೆಯಲ್ಲ. ಒಂದು ಜೆರ್ಸಿ ಹಳತಾಗುವ ಮೊದಲು ಎಷ್ಟು ಸುತ್ತು ಹೋಗಿ ಬಂತು ಅನ್ನುವುದು. ಕೆಳಗಿನ ಹೆಜ್ಜೆಗಳೆಲ್ಲ ಆ ಸುತ್ತನ್ನು ಜಾಸ್ತಿ ಮಾಡುವುದಕ್ಕೇ ಇವೆ.

ಮೊದಲ ಹೆಜ್ಜೆ: ಯಾರಿಗೆ ಕೊಡುತ್ತೀರಿ?

"ಕ್ರೀಡಾಭಿಮಾನಿಗಳಿಗೆ" ಅಂದರೆ ಉತ್ತರವಾಗಲಿಲ್ಲ. ಒಂದೇ ತಂಡಕ್ಕೆ ಪ್ರಾಣ ಕೊಡುವ ಅಭಿಮಾನಿ ನಿಮ್ಮ ಗಿರಾಕಿಯೇ ಅಲ್ಲ. ಅವನು ತನ್ನ ತಂಡದ ಜೆರ್ಸಿ ಕೊಂಡುಬಿಡುತ್ತಾನೆ. ಅದನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತಾನೆ. ಅದರ ಮಾಸಿದ ಬಣ್ಣವೂ ಅವನಿಗೆ ಪ್ರೀತಿಯೇ. ಅವನ ಬೆನ್ನು ಹತ್ತಬೇಡಿ.

ಬಾಡಿಗೆಗೆ ಬರುವವರು ಬೇರೆ. ಎರಡು ಮೂರು ಆಟಗಳನ್ನು ಒಟ್ಟಿಗೆ ನೋಡುವವರು. ತಂಡಕ್ಕಿಂತ ಆಟಗಾರನನ್ನು ಹಿಂಬಾಲಿಸುವವರು. ವರ್ಷಕ್ಕೆ ಮೂರು ನಾಲ್ಕು ಸಲ ಮೈದಾನಕ್ಕೆ ಹೋಗಿ, ಹೋದಾಗ ಮಾತ್ರ ಬಣ್ಣ ತೊಡುವವರು. ಸ್ನೇಹಿತರ ಗುಂಪಿನಲ್ಲಿ ಪಂದ್ಯ ನೋಡಲು ಕೂರುವವರು. ಹಳೆಯ ಕಾಲದ ಜೆರ್ಸಿ ಹಾಕಿ ಫೋಟೊ ತೆಗೆಸಿಕೊಳ್ಳುವ ಆಸೆಯವರು.

ಇವರೆಲ್ಲರಿಗಿಂತ ಒಳ್ಳೆಯ ಗಿರಾಕಿಗಳು ಮಕ್ಕಳಿರುವ ಮನೆಯವರು ಅಂತ ನನ್ನ ಖಚಿತ ಅಭಿಪ್ರಾಯ. ಎಂಟು ವರ್ಷದ ಮಗುವಿಗೆ ಈ ಸೀಸನ್‌ನಲ್ಲಿ ಕೊಂಡ ಜೆರ್ಸಿ ಮುಂದಿನ ಸೀಸನ್‌ಗೆ ಬಿಗಿಯಾಗುತ್ತದೆ. ಮಗುವಿನ ಮೆಚ್ಚಿನ ಆಟಗಾರ ಅಷ್ಟರೊಳಗೆ ಎರಡು ಸಲ ಬದಲಾಗಿರುತ್ತಾನೆ. ಅಪ್ಪ ಅಮ್ಮನಿಗೆ ಬಾಡಿಗೆಯ ಲೆಕ್ಕ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಇವರು ಚಂದಾ ಬಿಡುವುದೂ ಕಡಿಮೆ.

ಈ ಗುಂಪುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಅವರಲ್ಲಿ 20 ಜನರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿ. "ನಿಮಗೆ ಈ ಸೇವೆ ಇಷ್ಟವಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ಕಳೆದ ವರ್ಷ ಎಷ್ಟು ಜೆರ್ಸಿ ಕೊಂಡಿರಿ, ಒಂದೊಂದನ್ನು ಎಷ್ಟು ಸಲ ಹಾಕಿದಿರಿ?" ಅಂತ ಕೇಳಿ. ಎರಡು ಕೊಂಡು ಮೂರು ಮೂರು ಸಲ ಹಾಕಿದವರು ಸಿಕ್ಕರೆ ಅವರ ಹೆಸರು ಬರೆದಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಜೆರ್ಸಿ ಕೊಳ್ಳುವ ಮೊದಲು ಲೆಕ್ಕ

ಎಲ್ಲ ಅಂಕಿಗಳನ್ನೂ ಜೆರ್ಸಿಯ ಬೆಲೆಗೆ ಹೋಲಿಸಿ ಬರೆಯಿರಿ. ಆಗ ಯಾವ ಊರಿನ ನೋಟಾದರೂ ಲೆಕ್ಕ ಒಂದೇ. ಒಂದು ಜೆರ್ಸಿಯ ಬೆಲೆ 100 ಅಂತ ಇಟ್ಟುಕೊಳ್ಳೋಣ. ಉಳಿದ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ.

ತಿಂಗಳ ಚಂದಾ 30. ಸದಸ್ಯರ ಕೈಯಲ್ಲಿ ಒಂದು ಸಲಕ್ಕೆ ಒಂದೇ ಜೆರ್ಸಿ. ಕಳಿಸಿ ತರಿಸುವ ಕೊರಿಯರ್ ಖರ್ಚು 8. ಒಗೆದು ಪರೀಕ್ಷಿಸುವುದಕ್ಕೆ 2. ಪ್ಯಾಕಿಂಗ್‌ಗೆ 1. ಅಂದರೆ ಒಂದು ಬದಲಾವಣೆಗೆ 11. ಹಣ ಪಾವತಿಯ ಶುಲ್ಕಕ್ಕೆ ತಿಂಗಳಿಗೆ 1.

ತಿಂಗಳಿಗೆ ಒಂದು ಬದಲಾವಣೆಯಾದರೆ ಖರ್ಚು 12, ಕೈಯಲ್ಲಿ ಉಳಿಯುವುದು 18. ಎರಡು ಬದಲಾವಣೆಯಾದರೆ ಖರ್ಚು 23, ಉಳಿಯುವುದು ಬರೀ 7. ಮೂರಾದರೆ ಜೇಬಿನಿಂದ ಹಾಕಬೇಕು.

ಇನ್ನು ಬಂಡವಾಳ. ಸದಸ್ಯರ ಕೈಯಲ್ಲಿರುವ ಒಂದರ ಜೊತೆಗೆ ದಾರಿಯಲ್ಲಿರುವುದು, ಒಗೆಯಲು ಹಾಕಿರುವುದು, ಕಪಾಟಿನಲ್ಲಿರುವುದು ಎಲ್ಲ ಸೇರಿ ಪ್ರತಿ ಸದಸ್ಯರಿಗೆ ಒಂದೂವರೆ ಜೆರ್ಸಿ ಬೇಕಾಗುತ್ತದೆ ಅನ್ನಿ. ಅಂದರೆ 150. ತಿಂಗಳಿಗೆ 18 ಉಳಿದರೆ ಇದು ಎಂಟೂವರೆ ತಿಂಗಳೊಳಗೆ ವಾಪಸ್ ಬರುತ್ತದೆ. 7 ಉಳಿದರೆ 21 ತಿಂಗಳು ಮೀರುತ್ತದೆ. ಅಷ್ಟು ಹೊತ್ತಿಗೆ ಆ ಜೆರ್ಸಿ ಎರಡು ಸೀಸನ್ ಹಳೆಯದು. ಬಾಡಿಗೆ, ಸಂಬಳ, ಜಾಹೀರಾತು ಇನ್ನೂ ಲೆಕ್ಕಕ್ಕೇ ಬಂದಿಲ್ಲ ನೋಡಿ.

"ಎಷ್ಟು ಸಲ ಬೇಕಾದರೂ ಬದಲಿಸಿಕೊಳ್ಳಿ" ಅನ್ನುವ ಆಫರ್ ಕೇಳಲು ಚೆನ್ನ. ಆದರೆ ನಿಮ್ಮ ಸೇವೆಯನ್ನು ಅತಿ ಹೆಚ್ಚು ಪ್ರೀತಿಸುವ ಸದಸ್ಯರೇ ನಿಮ್ಮನ್ನು ಲಾಸ್‌ಗೆ ತಳ್ಳುತ್ತಾರೆ. ಹಾಗಾಗಿ ಬದಲಾವಣೆಗೆ ಮಿತಿ ಇಡಿ. ಚಂದಾದಲ್ಲಿ ತಿಂಗಳಿಗೆ ಒಂದು ಬದಲಾವಣೆ, ಎರಡನೆಯದಕ್ಕೆ ಸಾಗಣೆಯ ಖರ್ಚು ಬೇರೆ. ಈ ಲೆಕ್ಕವನ್ನು ಸದಸ್ಯರಿಗೂ ಬಿಚ್ಚಿ ಹೇಳಿ. ಜನ ಒಪ್ಪುತ್ತಾರೆ.

ಸಾಗಣೆಯೇ ದೊಡ್ಡ ಖರ್ಚು ಅನ್ನುವುದನ್ನು ಗಮನಿಸಿದಿರಾ? ಸದಸ್ಯರು ತಾವೇ ಬಂದು ತೆಗೆದುಕೊಂಡು ಹೋಗುವ ಒಂದು ಜಾಗ ಸಿಕ್ಕರೂ ಲೆಕ್ಕ ಪೂರ್ತಿ ಬದಲಾಗುತ್ತದೆ. ಜಿಮ್, ಆಟದ ಸಾಮಾನಿನ ಅಂಗಡಿ, ಪಂದ್ಯ ತೋರಿಸುವ ಹೋಟೆಲ್, ಮಕ್ಕಳ ಕೋಚಿಂಗ್ ಶಿಬಿರ, ಯಾವುದಾದರೂ ಸರಿ.

ಮೂರನೇ ಹೆಜ್ಜೆ: ಏನು ಕೊಳ್ಳಬೇಕು, ಏನು ಬೇಡ

ಫುಟ್‌ಬಾಲ್ ಜೆರ್ಸಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಪ್ಲೇಯರ್ ವರ್ಷನ್ ಆಟಗಾರರು ಮೈದಾನದಲ್ಲಿ ಹಾಕುವಂಥದ್ದು. ತೆಳು ಬಟ್ಟೆ, ಮೈಗೆ ಅಂಟುವ ಕಟಿಂಗ್, ದುಬಾರಿ ಬೆಲೆ. ಫ್ಯಾನ್ ವರ್ಷನ್ ಸ್ವಲ್ಪ ಸಡಿಲ, ಬಟ್ಟೆ ಗಟ್ಟಿ, ಬೆಲೆಯೂ ಕಡಿಮೆ. ಬಾಡಿಗೆಗೆ ಫ್ಯಾನ್ ವರ್ಷನ್ನೇ ಸರಿ. ಹೆಚ್ಚು ಮೈಕಟ್ಟಿನವರಿಗೆ ಹೊಂದುತ್ತದೆ, ಒಗೆತಕ್ಕೂ ತಡೆಯುತ್ತದೆ.

ಅಂಕಿ, ಹೆಸರು ಹೇಗೆ ಹಾಕಿದ್ದಾರೆ ಅನ್ನುವುದನ್ನು ಕೈಯಿಂದ ಮುಟ್ಟಿ ನೋಡಿ. ಶಾಖ ಕೊಟ್ಟು ಅಂಟಿಸಿದ್ದು ಒಂದು ಬಗೆ, ಬಟ್ಟೆಯಲ್ಲಿ ಕತ್ತರಿಸಿ ಹೊಲಿದದ್ದು ಇನ್ನೊಂದು. ಐಸ್-ಹಾಕಿ, ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಜೆರ್ಸಿಗಳಲ್ಲಿ ಹೊಲಿದ ಅಂಕಿಗಳು ಸಿಗುತ್ತವೆ. ಅವು ಅಂಟಿಸಿದವುಗಳಿಗಿಂತ ಎಷ್ಟೋ ಜಾಸ್ತಿ ಸುತ್ತು ಬಾಳುತ್ತವೆ. ಬೆಲೆ ಹೆಚ್ಚಾದರೂ ಸುತ್ತಿನ ಲೆಕ್ಕದಲ್ಲಿ ಅಗ್ಗ.

ಹೊಸ ಆಟಗಾರನ ಹೆಸರಿರುವ ಜೆರ್ಸಿ ಬೇಗ ಓಡುತ್ತದೆ, ಬೇಗ ಸಾಯುತ್ತದೆ. ನಿವೃತ್ತರಾದ ದೊಡ್ಡ ಆಟಗಾರರದ್ದು ನಿಧಾನ, ಆದರೆ ಅವರು ಇನ್ನು ತಂಡ ಬದಲಿಸುವುದಿಲ್ಲವಲ್ಲ! ಹೆಸರಿಲ್ಲದ ಬರೀ ತಂಡದ ಜೆರ್ಸಿ ಇವೆರಡರ ನಡುವೆ. ಮೊದಲ ಸ್ಟಾಕಿನಲ್ಲಿ ಅರ್ಧದಷ್ಟು ಹೆಸರಿಲ್ಲದವು ಇರಲಿ. ಉಳಿದ ಅರ್ಧವನ್ನು ಈಗಿನ ತಾರೆಗಳಿಗೂ ಹಳೆಯ ತಾರೆಗಳಿಗೂ ಹಂಚಿ. ತಾರೆಯ ಒಪ್ಪಂದ ಈ ಸೀಸನ್‌ಗೆ ಮುಗಿಯುತ್ತದಾ ಅಂತ ಕೊಳ್ಳುವ ಮೊದಲು ನೋಡಿ. ಸುದ್ದಿಯಲ್ಲಿ ಸಿಗುವ ಮಾಹಿತಿ ಅದು, ನೋಡದೆ ಕೊಳ್ಳುವುದು ಸುಮ್ನೆ ದುಡ್ಡು ಸುರಿದ ಹಾಗೆ.

ಸೈಜ್ ವಿಷಯದಲ್ಲಿ ಲೇಬಲ್ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಇರಬಹುದು. ಪ್ರತಿ ಜೆರ್ಸಿಯನ್ನೂ ಮೇಜಿನ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದು ಅಳೆಯಿರಿ. ಉದ್ದವನ್ನೂ ಅಳೆಯಿರಿ. ಎರಡನ್ನೂ ಸೆಂಟಿಮೀಟರ್‌ನಲ್ಲಿ ಪಟ್ಟಿಗೆ ಹಾಕಿ. "ನಿಮ್ಮ ಹತ್ತಿರ ಇರುವ ಸರಿಯಾದ ಟೀ ಶರ್ಟನ್ನು ಹೀಗೇ ಅಳೆದು ಹೋಲಿಸಿ" ಅಂತ ಸದಸ್ಯರಿಗೆ ಹೇಳಿ. ಸೈಜ್ ತಪ್ಪಿ ವಾಪಸ್ ಬಂದ ಜೆರ್ಸಿ ಅಂದರೆ 11 ಖರ್ಚಾಗಿ, ಒಂದು ಪಂದ್ಯ ತಪ್ಪಿ, ಒಬ್ಬ ಸದಸ್ಯರ ಮನಸ್ಸು ಕೆಟ್ಟ ಹಾಗೆ. ಹೆಂಗಸರ ಕಟಿಂಗ್ ಮತ್ತು ದೊಡ್ಡ ಸೈಜ್‌ಗಳನ್ನು ಮರೆಯಬೇಡಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗದೆ ಬೇಸತ್ತವರು ನಿಮ್ಮ ಹತ್ತಿರ ಸಿಕ್ಕರೆ ಗಟ್ಟಿಯಾಗಿ ನಿಲ್ಲುತ್ತಾರೆ.

ಸಹಿ ಹಾಕಿದ ಜೆರ್ಸಿ, ಕಡಿಮೆ ಸಂಖ್ಯೆಯಲ್ಲಿ ಬಂದ ಅಪರೂಪದ ಜೆರ್ಸಿ ಬಾಡಿಗೆಗೆ ಬೇಡವೇ ಬೇಡ. ಒಗೆದರೆ ಅದರ ಬೆಲೆ ಹೋಗುತ್ತದೆ, ಒಗೆಯದೆ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಸದಸ್ಯರ ಸ್ವಂತ ಹೆಸರು ಹಾಕಿಸಿ ಕೊಡುವ ಆಸೆಯೂ ಬೇಡ.

ನಾಲ್ಕನೇ ಹೆಜ್ಜೆ: ಅಸಲಿ ಮಾಲು, ಕಾಗದ ಪತ್ರ

ನಕಲಿ ಜೆರ್ಸಿ ಒಂದೂ ಒಳಗೆ ಬರಬಾರದು. ಒಂದು ಬಂದರೂ ಉಳಿದ ಎಲ್ಲದರ ಮೇಲೆ ಅನುಮಾನ ಹುಟ್ಟುತ್ತದೆ. 2019ರಲ್ಲಿ ಜಗತ್ತಿನ ವ್ಯಾಪಾರದಲ್ಲಿ ನಕಲಿ ಮಾಲಿನ ಪಾಲು ಸುಮಾರು 2.5 ಪ್ರತಿಶತ ಇತ್ತು ಅಂತ ಒಇಸಿಡಿ (ಹಲವು ದೇಶಗಳು ಸೇರಿದ ಆರ್ಥಿಕ ಸಹಕಾರ ಸಂಸ್ಥೆ) ಮತ್ತು ಯುರೋಪಿನ ಬೌದ್ಧಿಕ ಆಸ್ತಿ ಕಚೇರಿ ಸೇರಿ ಅಂದಾಜು ಮಾಡಿವೆ. ಬಟ್ಟೆ, ಶೂಗಳು ಅದರಲ್ಲಿ ಮುಂಚೂಣಿಯಲ್ಲಿವೆ. ತಂಡದ ಅಧಿಕೃತ ಅಂಗಡಿ, ತಯಾರಕರು, ಅವರ ನೋಂದಾಯಿತ ಮಾರಾಟಗಾರರು, ಇಷ್ಟು ಕಡೆ ಮಾತ್ರ ಕೊಳ್ಳಿ. ಬಿಲ್ಲನ್ನು ಜೆರ್ಸಿಯ ನಂಬರಿನ ಜೊತೆ ಜೋಡಿಸಿ ಇಡಿ. ಒಳಗಿನ ಸಣ್ಣ ಲೇಬಲ್‌ನಲ್ಲಿ ಉತ್ಪನ್ನದ ಕೋಡ್ ಇದ್ದರೆ ಅದನ್ನು ತಯಾರಕರ ಪಟ್ಟಿಯ ಜೊತೆ ತಾಳೆ ನೋಡಿ. ಕೋಡ್ ಹೊಂದಿತು ಅಂದ ಮಾತ್ರಕ್ಕೆ ಅಸಲಿ ಅಂತಲ್ಲ, ಲಾಂಛನದ ಹೊಲಿಗೆ, ಹಿಂಬದಿಯ ದಾರ, ಕಾಲರ್‌ನ ಫಿನಿಶಿಂಗ್ ಎಲ್ಲ ನೋಡಬೇಕು.

ಅಸಲಿ ಮಾಲು ಕೊಂಡ ಮೇಲೆ ಅದನ್ನು ಮರುಮಾರಾಟ ಮಾಡಲು ಹೆಚ್ಚಿನ ದೇಶಗಳ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಅವಕಾಶವಿದೆ. ಬಾಡಿಗೆಯ ವಿಷಯದಲ್ಲಿ ನಿಮ್ಮಲ್ಲಿ ನಿಯಮ ಏನು ಅನ್ನುವುದನ್ನು ವಕೀಲರ ಹತ್ತಿರ ಒಂದು ಗಂಟೆ ಕೂತು ಕೇಳಿ. ತೊಂದರೆ ಬರುವುದು ಹೆಚ್ಚಾಗಿ ಜಾಹೀರಾತಿನಲ್ಲಿ. ತಂಡದ ಲಾಂಛನವನ್ನು ನಿಮ್ಮ ಬೋರ್ಡಿನಲ್ಲಿ, ಹೆಸರಿನಲ್ಲಿ, ಪ್ಯಾಕೆಟ್ಟಿನ ಮೇಲೆ ಹಾಕಬೇಡಿ. ತಂಡವೇ ನಿಮಗೆ ಒಪ್ಪಿಗೆ ಕೊಟ್ಟಿದೆ ಅನ್ನುವ ಭಾವನೆ ಬರಬಾರದು. ಆಟಗಾರರ ಫೋಟೊ ಬಳಸುವುದಂತೂ ಬೇಡವೇ ಬೇಡ. ನಿಮ್ಮ ಹತ್ತಿರ ಇರುವ ಜೆರ್ಸಿಯ ಫೋಟೊವನ್ನು ನೀವೇ ತೆಗೆಯಿರಿ. ಖಾಲಿ ಜೆರ್ಸಿಗೆ ನೀವೇ ಅಂಕಿ ಹಾಕಿ ಅಧಿಕೃತ ಅನ್ನುವುದೂ ತಪ್ಪು.

ಐದನೇ ಹೆಜ್ಜೆ: ಒಗೆಯುವ ಕೋಣೆ

ಈ ವ್ಯವಹಾರದ ಹೃದಯ ಇಲ್ಲಿದೆ. ರೆಂಟ್ ದ ರನ್‌ವೇ ತನ್ನ ಬಟ್ಟೆಗಳನ್ನು ಹೊರಗೆ ಕೊಡದೆ ಭಾರಿ ದೊಡ್ಡ ಡ್ರೈಕ್ಲೀನಿಂಗ್ ಘಟಕವನ್ನು ತಾನೇ ಕಟ್ಟಿಕೊಂಡಿತು. ಅದಕ್ಕೆ ಕಾರಣವಿದೆ. ಬಟ್ಟೆ ಬಂದದ್ದಕ್ಕೂ ಮತ್ತೆ ಹೋದದ್ದಕ್ಕೂ ನಡುವಿನ ಸಮಯ ನಿಮ್ಮ ಕೈಯಲ್ಲಿದ್ದರೆ ಮಾತ್ರ ಸುತ್ತು ಜಾಸ್ತಿಯಾಗುತ್ತದೆ. ಆದರೆ ನಿಮಗೆ ಡ್ರೈಕ್ಲೀನಿಂಗ್ ಬೇಡ. ಅದರ ದ್ರಾವಕ ಅಂಟಿಸಿದ ಅಂಕಿಗಳನ್ನು ಹಾಳು ಮಾಡುತ್ತದೆ. ನಿಮಗೆ ಬೇಕಾದದ್ದು ತಣ್ಣೀರು, ತಾಳ್ಮೆ, ನೆರಳು.

ಬ್ಯಾಗ್ ಬಂದ ಕೂಡಲೇ ಬಿಚ್ಚಿ. ನಾಳೆಗೆ ಇಡಬೇಡಿ. ಜೆರ್ಸಿಗಳು ಬಹುಪಾಲು ಪಾಲಿಯೆಸ್ಟರ್. ಬೆವರಿದ ಪಾಲಿಯೆಸ್ಟರ್ ಮುಚ್ಚಿದ ಚೀಲದಲ್ಲಿ ಕೂತರೆ ವಾಸನೆ ಎಳೆಯೊಳಗೆ ಇಳಿದುಬಿಡುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ವ್ಯಾಯಾಮದ ನಂತರ ಪಾಲಿಯೆಸ್ಟರ್ ಬಟ್ಟೆಗಳು ಹತ್ತಿಯವಕ್ಕಿಂತ ಕೆಟ್ಟದಾಗಿ ನಾರುತ್ತಿದ್ದವು. ವಾಸನೆ ಹುಟ್ಟಿಸುವ ಮೈಕ್ರೊಕಾಕಸ್ ಜಾತಿಯ ಸೂಕ್ಷ್ಮಜೀವಿಗಳು ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುತ್ತಿದ್ದವು.

ಹಾಗಾಗಿ ಮೊದಲು ಮೂಸಿ ನೋಡಿ. ಆಮೇಲೆ ಬೆಳಕಿನಲ್ಲಿ ಹಿಡಿದು ಕಾಲರ್, ಕಂಕುಳು, ಎದೆ, ತೋಳಿನ ಅಂಚು, ಕೆಳ ಅಂಚು, ಅಂಕಿಗಳ ಮೂಲೆ, ಈ ಆರು ಜಾಗ ನೋಡಿ. ಕಾಲರ್‌ನಲ್ಲಿ ಮೇಕಪ್, ಕಂಕುಳಲ್ಲಿ ಡಿಯೊಡರೆಂಟಿನ ಬಿಳಿ ಗೆರೆ, ಎದೆಯ ಮೇಲೆ ಸಾಸ್, ಕೆಳ ಅಂಚಿನಲ್ಲಿ ಎಳೆ ಕಿತ್ತ ಗುರುತು.

ಅಭಿಮಾನಿಗಳ ಬಟ್ಟೆಗೇ ಮೀಸಲಾದ ಕಲೆ ಒಂದಿದೆ: ಮುಖಕ್ಕೆ ಬಳಿದುಕೊಳ್ಳುವ ಬಣ್ಣ. ಕೆನ್ನೆಯಿಂದ ಹೆಗಲಿಗೆ, ಹೆಗಲಿಂದ ತೋಳಿಗೆ ಇಳಿದಿರುತ್ತದೆ. ಕಂಡ ಕೂಡಲೇ ಉಜ್ಜಲು ಹೋಗಬೇಡಿ, ಹರಡುತ್ತದೆ. ಒಣಗಿದ್ದನ್ನು ಚಮಚದ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಎಣ್ಣೆ ಬಣ್ಣವಾದರೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಎರಡು ಹನಿ ಹಾಕಿ ಬೆರಳಿನಿಂದ ಒತ್ತಿ, ಹತ್ತು ನಿಮಿಷ ಬಿಡಿ. ಹಿಂಬದಿಯಿಂದ ತಣ್ಣೀರು ಹಾಯಿಸಿ, ಕಲೆ ಬಂದ ದಾರಿಯಲ್ಲೇ ಹೊರಗೆ ಹೋಗಲಿ. ಬಿಸಿ ನೀರು ಹಾಕಿದರೆ ಕಲೆ ಅಲ್ಲೇ ಕೂತುಬಿಡಬಹುದು.

ಒಗೆಯುವಾಗ ಜೆರ್ಸಿಯನ್ನು ಒಳಹೊರಗು ಮಾಡಿ, ಜಾಲರಿ ಚೀಲದಲ್ಲಿ ಹಾಕಿ, 30 ಡಿಗ್ರಿ ಮೀರದ ನೀರಿನಲ್ಲಿ, ಮೆಲ್ಲಗೆ ತಿರುಗುವ ಸೆಟ್ಟಿಂಗ್‌ನಲ್ಲಿ ಒಗೆಯಿರಿ. ಜಿಪ್, ಹುಕ್ ಇರುವ ಬಟ್ಟೆ ಜೊತೆಗೆ ಬೇಡ. ಗಾಢ ಬಣ್ಣ ಬೇರೆ, ಬಿಳಿ ಬೇರೆ. ಕಿಣ್ವ (ಎನ್‌ಜೈಮ್) ಇರುವ ಡಿಟರ್ಜೆಂಟ್ ಬೆವರಿಗೆ ಒಳ್ಳೆಯದು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ಎಳೆಯ ಮೇಲೆ ಪದರದಂತೆ ಕೂತು ಬೆವರು ಹೀರುವ ಗುಣ ಕೆಡಿಸುತ್ತದೆ. ಬ್ಲೀಚ್ ಕೂಡ ಬೇಡ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರಿಗೆ ಕೊಡುತ್ತಿದ್ದೀರಿ, ಆದ್ದರಿಂದ ಕಡಿಮೆ ಬಿಸಿಯಲ್ಲೂ ಕೆಲಸ ಮಾಡುವ ಬಟ್ಟೆಯ ಸೋಂಕುನಿವಾರಕವನ್ನು ಪ್ರತಿ ಸಲವೂ ಹಾಕಿ. ಅದರ ಲೇಬಲ್‌ನಲ್ಲಿ ಬರೆದಷ್ಟು ಹೊತ್ತು ನೆನೆಯಲು ಬಿಡಿ.

ಒಣಗಿಸುವುದು ನೆರಳಿನಲ್ಲಿ, ಗಾಳಿ ಆಡುವ ಕಡೆ, ಹ್ಯಾಂಗರಿನಲ್ಲಿ. ಬಿಸಿ ಗಾಳಿಯ ಡ್ರೈಯರ್ ಬೇಡ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಂಪು ಪಾಲಿಯೆಸ್ಟರ್ ಜೆರ್ಸಿ ಒಂದನ್ನು ಅವಸರಕ್ಕೆ ಜಾಸ್ತಿ ಬಿಸಿಯಲ್ಲಿ ಒಣಗಿಸಿದ್ದೆ. ತೆಗೆದಾಗ ಬೆನ್ನಿನ ಬಿಳಿ ಅಂಕಿಯ ಮೇಲೆ ಏನೋ ಮಬ್ಬು. ಒಗೆದರೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಎರಡು ದಿನಕ್ಕೆ ಅಂಕಿ ಪೂರ್ತಿ ತಿಳಿ ಗುಲಾಬಿಯಾಗಿತ್ತು. ಪಾಲಿಯೆಸ್ಟರ್‌ಗೆ ಹಾಕುವ ಬಣ್ಣ ಶಾಖ ತಗುಲಿದರೆ ಎಳೆ ಬಿಟ್ಟು ಮೇಲೆ ಅಂಟಿಸಿದ ಪದರಕ್ಕೆ ಏರುತ್ತದೆ. ಬಣ್ಣ ವಲಸೆ ಅನ್ನುತ್ತಾರೆ ಇದಕ್ಕೆ. ಏರಿದ ಬಣ್ಣವನ್ನು ಇಳಿಸಲು ಯಾವ ಸೋಪಿನಿಂದಲೂ ಆಗಲಿಲ್ಲ. ಆ ಜೆರ್ಸಿ ಮೂರೇ ಸುತ್ತಿಗೆ ಕಪಾಟು ಬಿಟ್ಟಿತು. ಅವತ್ತಿನಿಂದ ಅಂಕಿಯ ಮೇಲೆ ಇಸ್ತ್ರಿ ಇಡುವುದನ್ನೂ ನಿಲ್ಲಿಸಿದೆ. ಸುಕ್ಕು ಹೋಗಬೇಕಾದರೆ ಒಳಮುಖದಿಂದ ಸ್ವಲ್ಪ ಹಬೆ ಕೊಟ್ಟರೆ ಸಾಕು.

ಪೂರ್ತಿ ಒಣಗಿದೆಯಾ ಅಂತ ಅಂಕಿಯ ಹಿಂಬದಿ ಮತ್ತು ಕಾಲರ್‌ನ ಮಡಿಕೆ ಮುಟ್ಟಿ ನೋಡಿ. ಅಲ್ಲಿ ತೇವ ಉಳಿದರೆ ಪ್ಯಾಕೆಟ್ಟಿನೊಳಗೆ ಮುಗ್ಗಲು ಹಿಡಿಯುತ್ತದೆ.

ಪ್ರತಿ ಜೆರ್ಸಿಗೂ ಒಳಗಡೆ ಒಂದು ಗುರುತು ಬೇಕು. ಒಗೆತಕ್ಕೆ ತಡೆಯುವ ಬಾರ್‌ಕೋಡ್ ಪಟ್ಟಿ ಸಾಕು. ಹೋಟೆಲ್, ಆಸ್ಪತ್ರೆಗಳ ಹಾಸುಬಟ್ಟೆಗೆ ಹೊಲಿಯುವ ಆರ್‌ಎಫ್‌ಐಡಿ (ರೇಡಿಯೊ ಅಲೆಯಿಂದ ಗುರುತು ಓದುವ) ಟ್ಯಾಗ್‌ಗಳು ಸುಮಾರು 200 ಒಗೆತಕ್ಕೆ ಬಾಳುತ್ತವೆ. ಸ್ಟಾಕ್ ದೊಡ್ಡದಾದ ಮೇಲೆ ಅದಕ್ಕೆ ಹೋಗಿ. ಶುರುವಿನಲ್ಲಿ ಒಂದು ಸ್ಪ್ರೆಡ್‌ಶೀಟ್ ಸಾಕು: ಜೆರ್ಸಿ ನಂಬರ್, ಕೊಂಡ ಬೆಲೆ, ಹೋದ ದಿನ, ಬಂದ ದಿನ, ಎಷ್ಟನೇ ಸುತ್ತು, ಈಗಿನ ಸ್ಥಿತಿ. ಪ್ರತಿ ಸಲ ಹೋಗುವ ಮೊದಲು ಮುಂದೆ ಹಿಂದೆ ಒಂದೊಂದು ಫೋಟೊ. ಜಗಳ ಬಂದಾಗ ಅದೇ ಸಾಕ್ಷಿ.

ಆರನೇ ಹೆಜ್ಜೆ: ಪ್ಲಾನ್ ಮತ್ತು ನಿಯಮಗಳು

ಎರಡೇ ಪ್ಲಾನ್ ಇಡಿ. ಒಂದು ಜೆರ್ಸಿಯದ್ದು, ಎರಡು ಜೆರ್ಸಿಯದ್ದು. ಮನೆಮಂದಿಗೆ ಎರಡನೆಯದು ಸರಿಹೋಗುತ್ತದೆ. ಐದು ಬಗೆ ಇಟ್ಟರೆ ಯಾರಿಗೂ ಆರಿಸಲಾಗುವುದಿಲ್ಲ.

ನಿಯಮಗಳನ್ನು ಒಂದೇ ಪುಟದಲ್ಲಿ, ಓದಿದರೆ ತಿಳಿಯುವ ಮಾತಿನಲ್ಲಿ ಬರೆಯಿರಿ. ಸಣ್ಣ ಕಲೆ, ಕಿತ್ತ ಎಳೆಗೆ ದಂಡ ಬೇಡ. ಅದು ಬಾಡಿಗೆಯೊಳಗೇ ಸೇರಿದ ಸವೆತ. ಸುಟ್ಟದ್ದು, ಹರಿದದ್ದು, ಕಳೆದದ್ದು ಬೇರೆ ಮಾತು. ಅದಕ್ಕೆ ಅವತ್ತಿನ ಉಳಿಕೆ ಬೆಲೆ ತೆಗೆದುಕೊಳ್ಳಿ, ಹೊಸದರ ಬೆಲೆಯಲ್ಲ. ಸದಸ್ಯರು ಮನೆಯಲ್ಲಿ ಒಗೆಯಬಾರದು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹೇಳಿ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಿಸಿ ನೀರಿನಲ್ಲಿ ಒಗೆದು, ಇಸ್ತ್ರಿ ಹಾಕಿ ಕಳಿಸುವವರಿದ್ದಾರೆ. ಅಂಕಿ ಇಸ್ತ್ರಿಪೆಟ್ಟಿಗೆಗೆ ಅಂಟಿರುತ್ತದೆ.

ಚಂದಾ ತಾನಾಗಿ ಕಡಿತವಾಗುವುದಾದರೆ ಮೊದಲೇ ಸ್ಪಷ್ಟ ಒಪ್ಪಿಗೆ ಪಡೆಯಿರಿ, ಕಡಿತಕ್ಕೆ ಮುಂಚೆ ನೆನಪಿನ ಸಂದೇಶ ಕಳಿಸಿ. ಸೇರಿದಷ್ಟೇ ಸುಲಭವಾಗಿ ಬಿಡುವ ದಾರಿಯೂ ಇರಲಿ. ಅನೇಕ ದೇಶಗಳಲ್ಲಿ ಇದು ಕಾನೂನೇ. ಕಾನೂನು ಇಲ್ಲದಿದ್ದರೂ ಹಾಗೇ ಮಾಡಿ. ಬಿಡಲು ಕಷ್ಟಪಟ್ಟವರು ಮುಂದಿನ ಸೀಸನ್‌ಗೆ ಮರಳಿ ಬರುವುದಿಲ್ಲ.

ಚಂದಾ ಪೂರ್ತಿ ಬಿಡುವುದಕ್ಕಿಂತ ಒಳ್ಳೆಯ ದಾರಿ ಕೆಲವು ಕಾಲ ನಿಲ್ಲಿಸಿಡುವುದು. ಆಟಕ್ಕೊಂದು ಕಾಲವಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಗಸ್ಟ್‌ನಿಂದ ಮೇವರೆಗೆ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅಕ್ಟೋಬರ್‌ನಿಂದ ಜೂನ್‌ವರೆಗೆ, ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಸೆಪ್ಟೆಂಬರ್‌ನಿಂದ ಫೆಬ್ರವರಿಯವರೆಗೆ. ಆಟ ಇಲ್ಲದ ತಿಂಗಳಲ್ಲಿ ಚಂದಾ ಕಟ್ಟು ಅಂದರೆ ಯಾರು ಕಟ್ಟುತ್ತಾರೆ? "ಸೀಸನ್ ಮುಗಿಯಿತು, ಚಂದಾ ನಿಲ್ಲಿಸಿಡಿ, ಶುರುವಾದಾಗ ಮತ್ತೆ ಚಾಲೂ ಮಾಡೋಣ" ಅನ್ನುವ ಒಂದು ಬಟನ್ ಕೊಡಿ. ಇಲ್ಲವೇ, ಕಾಲ ಬೇರೆ ಬೇರೆ ಇರುವ ಎರಡು ಆಟಗಳನ್ನು ಜೊತೆಗೆ ಇಟ್ಟುಕೊಳ್ಳಿ.

ಏಳನೇ ಹೆಜ್ಜೆ: ದೊಡ್ಡ ಪಂದ್ಯದ ದಿನಕ್ಕೆ ತಯಾರಿ

ಮದುವೆ ಉಡುಪಿನ ಬಾಡಿಗೆಗೂ ಜೆರ್ಸಿ ಬಾಡಿಗೆಗೂ ದೊಡ್ಡ ವ್ಯತ್ಯಾಸ ಇದೆ. ಮದುವೆಗಳು ಬೇರೆ ಬೇರೆ ದಿನ ನಡೆಯುತ್ತವೆ. ಫೈನಲ್ ಒಂದೇ ದಿನ. ಎಲ್ಲರಿಗೂ ಒಂದೇ ಜೆರ್ಸಿ, ಒಂದೇ ಸಂಜೆಗೆ ಬೇಕು. ಆ ಒಂದು ಸಂಜೆಗಾಗಿ ಸ್ಟಾಕ್ ಕೊಂಡರೆ ಮರುದಿನದಿಂದ ಅದು ಹೊರೆ.

ಹಾಗಾದರೆ ಏನು ಮಾಡಬೇಕು? ಮುಖ್ಯ ಪಂದ್ಯಗಳ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ. ಹತ್ತು ದಿನ ಮೊದಲು ಕಾದಿರಿಸುವ ಸಾಲು ತೆರೆಯಿರಿ. ಹಳೆಯ ಸದಸ್ಯರಿಗೆ ಮೊದಲ ಅವಕಾಶ. ಸ್ಟಾಕ್ ಮುಗಿದರೆ "ಮುಗಿಯಿತು" ಅಂತ ನೇರವಾಗಿ ತೋರಿಸಿ, ಹಳೆಯ ಸೀಸನ್‌ನ ಜೆರ್ಸಿ ಅಥವಾ ತಂಡದ ಸ್ಕಾರ್ಫ್, ಕ್ಯಾಪ್ ಬೇಕಾ ಕೇಳಿ. ಪಂದ್ಯಕ್ಕೆ ಎರಡು ದಿನ ಮೊದಲೇ ಕೈಸೇರುವ ಹಾಗೆ ಕಳಿಸಿ. ಪಂದ್ಯ ಮುಗಿದ ಮೇಲೆ ಬಂದ ಜೆರ್ಸಿಗೆ ಎಷ್ಟು ಕ್ಷಮೆ ಕೇಳಿದರೂ ಸಾಲದು.

ಇನ್ನೊಂದು ವಿಷಯವನ್ನು ನೀವೇ ಕಾಣುತ್ತೀರಿ. ಸೋತ ತಂಡದ ಜೆರ್ಸಿಗಳು ಬೇಗ ಬೇಗ ವಾಪಸ್ ಬರುತ್ತವೆ. ಗೆದ್ದ ತಂಡದವು ಬರುವುದೇ ಇಲ್ಲ. ಕಪ್ ಗೆದ್ದ ರಾತ್ರಿ ಹಾಕಿಕೊಂಡಿದ್ದ ಜೆರ್ಸಿಯನ್ನು ಮಡಚಿ ಬ್ಯಾಗಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಇದನ್ನು ತಡವಾದ ವಾಪಸಾತಿ ಅಂತ ದಂಡ ಹಾಕಿ ಕೆಡಿಸಿಕೊಳ್ಳಬೇಡಿ. ಮರುದಿನ ಬೆಳಗ್ಗೆಯೇ ಸಂದೇಶ ಕಳಿಸಿ: "ಇದನ್ನು ಇಟ್ಟುಕೊಳ್ಳಬೇಕಾ? ಇಷ್ಟು ಕೊಟ್ಟರೆ ನಿಮ್ಮದು." ಬೆಲೆ ಸುತ್ತಿಗೆ ತಕ್ಕ ಹಾಗೆ ಇಳಿಯಲಿ. ಹೊಸದರ ಬೆಲೆ 100 ಆದರೆ ಎರಡನೇ ಸುತ್ತಿನಲ್ಲಿ 75, ಆರನೇ ಸುತ್ತಿನಲ್ಲಿ 50, ಹನ್ನೆರಡಕ್ಕೆ 30, ಹೀಗೆ. ಆ ವೇಳೆಗೆ ಬಾಡಿಗೆಯಲ್ಲಿ ಬಂದದ್ದನ್ನೂ ಸೇರಿಸಿದರೆ ಆ ಜೆರ್ಸಿ ತನ್ನ ಖರ್ಚು ತೀರಿಸಿಕೊಂಡಿರುತ್ತದೆ. ಅಭಿಮಾನಿಗೂ ಅದು ಬರೀ ಬಟ್ಟೆಯಲ್ಲ, ಆ ರಾತ್ರಿಯ ನೆನಪು.

ಎಂಟನೇ ಹೆಜ್ಜೆ: 30 ಜನರಿಂದ ಶುರು

ಒಂದು ಆಟ, ಒಂದು ಊರು, 30 ಸದಸ್ಯರು, 45 ಜೆರ್ಸಿ, ಮೂರು ತಿಂಗಳು. ಇಷ್ಟೇ ಸಾಕು. ಆ್ಯಪ್ ಬೇಡ. ಒಂದು ಫಾರಂ, ಒಂದು ಮೆಸೇಜ್ ಗುಂಪು, ಒಂದು ಸ್ಪ್ರೆಡ್‌ಶೀಟ್. ಸೀಸನ್ ಶುರುವಾಗಲು ಆರೇಳು ವಾರ ಇರುವಾಗ ಹೊರಡಿ. ಸಾಧ್ಯವಾದಷ್ಟು ಜೆರ್ಸಿಗಳನ್ನು ನೀವೇ ಕೊಂಡೊಯ್ದು ಕೊಡಿ, ನೀವೇ ವಾಪಸ್ ತನ್ನಿ. ಬಾಗಿಲಲ್ಲಿ ನಿಂತು ಆಡುವ ಎರಡು ಮಾತಿನಲ್ಲಿ ಗೊತ್ತಾಗುವಷ್ಟು ಯಾವ ಸಮೀಕ್ಷೆಯಲ್ಲೂ ಗೊತ್ತಾಗುವುದಿಲ್ಲ.

ಮೂರು ತಿಂಗಳಲ್ಲಿ ಮೂರು ಅಂಕಿ ಬರೆದಿಡಿ. ಒಬ್ಬ ಸದಸ್ಯರು ತಿಂಗಳಿಗೆ ಎಷ್ಟು ಸಲ ಬದಲಿಸುತ್ತಾರೆ. ಜೆರ್ಸಿ ವಾಪಸ್ ಬಂದ ಮೇಲೆ ಮತ್ತೆ ಕಳಿಸಲು ಸಿದ್ಧವಾಗಲು ಎಷ್ಟು ದಿನ. ಯಾವ ಜೆರ್ಸಿ ಒಂದು ಸುತ್ತೂ ಹೋಗದೆ ಕಪಾಟಿನಲ್ಲೇ ಕೂತಿದೆ. ಮೊದಲನೆಯದು ನಿಮ್ಮ ಚಂದಾ ಸರಿಯಿದೆಯಾ ಅಂತ ಹೇಳುತ್ತದೆ. ಎರಡನೆಯದು ಮೂರು ದಿನ ದಾಟಿದರೆ ಒಗೆಯುವ ಕೋಣೆ ಸರಿ ಮಾಡಿ. ಮೂರನೆಯದು ಮುಂದಿನ ಸಲ ಏನು ಕೊಳ್ಳಬಾರದು ಅನ್ನುವ ಪಟ್ಟಿ.

30 ಜನರಲ್ಲಿ 20 ಜನ ಮೂರನೇ ತಿಂಗಳಿಗೂ ಉಳಿದರೆ ಎರಡನೇ ಆಟ ಸೇರಿಸಿ. ಹತ್ತು ಜನ ಮಾತ್ರ ಉಳಿದರೆ ಹೊಸಬರನ್ನು ಹುಡುಕುವುದನ್ನು ನಿಲ್ಲಿಸಿ, ಬಿಟ್ಟವರಿಗೆ ಫೋನ್ ಮಾಡಿ.

ಸೀಸನ್ ಮುಗಿದಾಗ

ಕೊನೆಯ ಪಂದ್ಯ ಆದ ವಾರದೊಳಗೆ ಕಪಾಟನ್ನು ಪೂರ್ತಿ ಕೆಳಗಿಳಿಸಿ ಮೂರು ರಾಶಿ ಮಾಡಿ. ಮುಂದಿನ ಸೀಸನ್‌ಗೂ ನಡೆಯುವವು ಒಂದು ರಾಶಿ: ಹಳೆಯ ತಾರೆಗಳದ್ದು, ವಿನ್ಯಾಸ ಬದಲಾಗದ ತಂಡಗಳದ್ದು. ಮಾರಬೇಕಾದವು ಇನ್ನೊಂದು. ಹೊಸ ಜೆರ್ಸಿ ಬಿಡುಗಡೆಯಾಗುವ ಮೊದಲೇ ಇವನ್ನು ಮಾರಿ, ಒಂದು ದಿನ ತಡವಾದರೂ ಬೆಲೆ ಇಳಿಯುತ್ತದೆ. ಸದಸ್ಯರಿಗೆ ಮೊದಲು ತೋರಿಸಿ, ಎಷ್ಟು ಸುತ್ತು ಹೋಗಿದೆ ಅಂತ ಪ್ರಾಮಾಣಿಕವಾಗಿ ಬರೆದು ಮಾರಿ.

ಮೂರನೆಯ ರಾಶಿ, ಅಂಕಿ ಕಿತ್ತವು, ಬಣ್ಣ ಮಾಸಿದವು. ಎಸೆಯಬೇಡಿ. ಕೊಳಕಿಲ್ಲದೆ ಗಟ್ಟಿಯಾಗಿದ್ದರೆ ಮೈದಾನದಲ್ಲಿ ಆಡುವ ಮಕ್ಕಳ ತಂಡಗಳಿಗೆ ಅಭ್ಯಾಸಕ್ಕೆ ಕೊಡಿ. ಕೊಡುವ ಮೊದಲು ಒಳಗಿನ ಬಾರ್‌ಕೋಡ್ ಕತ್ತರಿಸಿ ತೆಗೆಯಿರಿ, ಸ್ಪ್ರೆಡ್‌ಶೀಟ್‌ನಲ್ಲಿ ಆ ಜೆರ್ಸಿಯ ಸಾಲಿನ ಕೊನೆಗೆ ಎಷ್ಟು ಸುತ್ತು ದುಡಿಯಿತು ಅಂತ ಬರೆಯಿರಿ. ಹೊಸ ಸ್ಟಾಕಿಗೆ ಆರ್ಡರ್ ಕೊಡುವಾಗ ಆ ಕೊನೆಯ ಕಾಲಂ ಎದುರಿಗಿರಲಿ.